ಫುಟ್‌ಬಾಲ್ ಆಡುವವರ ಕೈಗೆ ಗುಂಡುಕಲ್ಲು ಕೊಟ್ಟರೆ?



ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸೋಲುತ್ತಾರೆ. ಅದೂ ಕೂದಲೆಳೆಯ ಸೋಲಲ್ಲ, ಜಾತ್ರೆಯ ಜನ ಎದ್ದು ಮನೆಗೆ ಹೋಗುವಂಥ ಸೋಲು. ಆದರೆ ಅದರಿಂದ ಫುಟ್‌ಬಾಲ್ ಆಟಗಾರರಿಗೆ ಶಕ್ತಿ ಇಲ್ಲ ಎಂದು ತೀರ್ಮಾನ ಮಾಡುವವರ ಜೊತೆ ನನಗೆ ಜಗಳ ಇದೆ. ಆ ಜಗಳಕ್ಕಾಗಿಯೇ ಈ ಬರಹ.

ಕೆಲವು ವಾರಗಳಿಂದ ನಮ್ಮ ಯುವಕ ಸಂಘದ ವಾಟ್ಸಾಪ್ ಗುಂಪಿನಲ್ಲಿ ಪ್ರಾರ್ಥನೆಯ ಸಮಯ ತಿಳಿಸುವ ಸಂದೇಶಗಳಿಗಿಂತ ರೀಲುಗಳೇ ಹೆಚ್ಚಾಗಿವೆ. ಒಂದರಲ್ಲಿ ಇನ್ನೂರು ಕಿಲೋ ತೂಗುವ ಮನುಷ್ಯ ಲಾರಿ ಎಳೆಯುತ್ತಾನೆ. ಅದರ ಕೆಳಗೆ ಯಾರೋ ಕೇಳಿದರು: "ರೊನಾಲ್ಡೊ ಎಳೀತಾನೇನು?" ಅಲ್ಲಿಂದ ಶುರು. ಫುಟ್‌ಬಾಲ್ ಹುಡುಗರು ಒಂದು ಕಡೆ, ಜಿಮ್ಮಿನ ಹುಡುಗರು ಒಂದು ಕಡೆ. "ನಿಮ್ಮ ಶಕ್ತಿ ಎಲ್ಲಾ ಕಾಲಾಗ ಐತಿ ತಮ್ಮಾ, ಕೈಯಾಗ ಏನೂ ಇಲ್ಲ" ಎಂದ ಒಬ್ಬ. "ನೀ ಒಂದ್ ಹತ್ತು ನಿಮಿಷ ಓಡು ಯಣ್ಣಾ, ಆಮ್ಯಾಲ ಮಾತಾಡು" ಎಂದ ಇನ್ನೊಬ್ಬ. ಇಷ್ಟರವರೆಗೆ ತಮಾಷೆಯೇ. ಆಮೇಲೆ ಒಂದು ಸೂಚನೆ ಬಂತು: ಈ ಸಲದ ಕ್ರೀಡಾಕೂಟದಲ್ಲಿ ಫುಟ್‌ಬಾಲ್ ತಂಡಕ್ಕೆ ಸೇರುವವರೆಲ್ಲ ಮೊದಲು ಒಂದು ಕ್ವಿಂಟಲ್ ಜೋಳದ ಚೀಲ ಹೆಗಲಿಗೇರಿಸಬೇಕು, ಆಗದವರು ಕೂತು ನೋಡಲಿ. ಅದಕ್ಕೆ ಇಪ್ಪತ್ತಕ್ಕೂ ಹೆಚ್ಚು ಹೆಬ್ಬೆರಳು ಬಿದ್ದಿವೆ. ಆ ಹೆಬ್ಬೆರಳುಗಳಲ್ಲಿ ಹದಿನಾರು ವರ್ಷದವರದೂ ಇವೆ. ಹಾಗಾಗಿ ತಮಾಷೆ ಎಂದು ಬಿಡುವಂತಿಲ್ಲ.

ಮೊದಲು ದೊಡ್ಡವರ ಲೆಕ್ಕ ನೋಡೋಣ. 'ವರ್ಲ್ಡ್ಸ್ ಸ್ಟ್ರಾಂಗೆಸ್ಟ್ ಮ್ಯಾನ್' ಎಂಬ ಸ್ಪರ್ಧೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1977ರಲ್ಲಿ ಶುರುವಾಯಿತು. ಟಿವಿಗಾಗಿ ಹುಟ್ಟಿದ ಸ್ಪರ್ಧೆ ಅದು. ಬೇರೆ ಬೇರೆ ಆಟಗಳ ಬಲಶಾಲಿಗಳನ್ನು ಒಂದೇ ಕಣದಲ್ಲಿ ನಿಲ್ಲಿಸಿದರೆ ಯಾರು ಗೆಲ್ಲುತ್ತಾರೆ ಎಂಬ ಕುತೂಹಲ. ಅಂದರೆ ನಮ್ಮ ವಾಟ್ಸಾಪ್ ಗುಂಪಿನ ಪ್ರಶ್ನೆಯನ್ನೇ ಅವರು ದುಡ್ಡು ಹಾಕಿ ಪರೀಕ್ಷೆ ಮಾಡಿದರು. ಮೊದಲ ವರ್ಷ ಗೆದ್ದವನು ಬ್ರೂಸ್ ವಿಲ್ಹೆಲ್ಮ್ ಎಂಬ ವೇಟ್‌ಲಿಫ್ಟರ್. ಎರಡನೆಯವನು ಯಾರು ಗೊತ್ತೇ? ಬಾಬ್ ಯಂಗ್, ಒಬ್ಬ ಫುಟ್‌ಬಾಲ್ ಆಟಗಾರ!

ಫುಟ್‌ಬಾಲ್ ಹುಡುಗರು ಈಗಲೇ ಚಪ್ಪಾಳೆ ಹೊಡೆಯಬೇಡಿ. ಅದು ಅಮೆರಿಕನ್ ಫುಟ್‌ಬಾಲ್. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್. ಬಾಬ್ ಯಂಗ್ ಆಡುತ್ತಿದ್ದ ಸಾಲಿನವರ ಕೆಲಸವೇ ಎದುರಿಗೆ ಬಂದ ಭಾರಿ ದೇಹವನ್ನು ತಡೆದು ಹಿಂದಕ್ಕೆ ನೂಕುವುದು. ಒಂದು ಸಲ ನೂಕಾಟ ಕೆಲವೇ ಸೆಕೆಂಡು, ಆಮೇಲೆ ನಿಂತು ಉಸಿರಾಡಬಹುದು. ನಮ್ಮ ಕಬಡ್ಡಿಯ ಹಿಡಿತಗಾರನನ್ನೂ ಕುಸ್ತಿಯ ಪೈಲ್ವಾನನನ್ನೂ ಸೇರಿಸಿದರೆ ಹೇಗೋ ಹಾಗೆ. ಅಂಥವನು ಭಾರ ಎತ್ತುವ ಕಣದಲ್ಲಿ ಎರಡನೆಯವನಾದದ್ದು ಆಶ್ಚರ್ಯವಲ್ಲ. ಹೆಸರು ಒಂದೇ ಆದ ಮಾತ್ರಕ್ಕೆ ನಾವು ಆಡುವ ಫುಟ್‌ಬಾಲಿಗೆ ಆ ಬೆಳ್ಳಿ ಸೇರುವುದಿಲ್ಲ.

ನಮ್ಮ ಫುಟ್‌ಬಾಲಿನಲ್ಲಿ ಗೋಲ್‌ಕೀಪರ್ ಬಿಟ್ಟರೆ ಉಳಿದವರು 90 ನಿಮಿಷದಲ್ಲಿ ಸುಮಾರು 10 ಕಿಲೋಮೀಟರ್ ಓಡುತ್ತಾರೆ. ಅದೂ ಒಂದೇ ವೇಗದಲ್ಲಲ್ಲ. ನಡೆ, ಓಡು, ನಿಲ್ಲು, ತಿರುಗು, ಮತ್ತೆ ಜೀವ ಬಿಟ್ಟು ಓಡು. ಇಷ್ಟು ಓಡಬೇಕಾದವನು ಒಂದೊಂದು ಕಿಲೋ ಹೆಚ್ಚು ತೂಕವನ್ನೂ ಮೈದಾನದ ತುಂಬಾ ಹೊತ್ತು ತಿರುಗಬೇಕು. ಹಾಗಾಗಿ ಆಟವೇ ಅವನನ್ನು ಹಗುರ ಮಾಡುತ್ತದೆ. ಎರ್ಲಿಂಗ್ ಹಾಲಂಡ್‌ನಂಥ ದೈತ್ಯ, 1.95 ಮೀಟರ್ ಎತ್ತರದವನು, 90 ಕೆ.ಜಿ. ಆಸುಪಾಸಿನಲ್ಲೇ ಇದ್ದಾನೆ. ಸ್ಟ್ರಾಂಗ್‌ಮ್ಯಾನ್ ಪಟ್ಟವನ್ನು ನಾಲ್ಕು ಸಲ ಗೆದ್ದ ಬ್ರಯಾನ್ ಶಾ ಅವನಿಗಿಂತ ಎತ್ತರದಲ್ಲಿ ಬರೀ ಎಂಟು ಸೆಂಟಿಮೀಟರ್ ಹೆಚ್ಚು, ತೂಕದಲ್ಲಿ ಮಾತ್ರ ದುಪ್ಪಟ್ಟು. ಶಾ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ. 2020ರಲ್ಲಿ 501 ಕೆ.ಜಿ. ನೆಲದಿಂದೆತ್ತಿದ ಐಸ್‌ಲ್ಯಾಂಡಿನ ಹಾಫ್‌ಥೋರ್ ಬ್ಯೋರ್ನ್ಸನ್ ಕೂಡ ಮೊದಲು ಬ್ಯಾಸ್ಕೆಟ್‌ಬಾಲಿನವನೇ. ಆಟಗಾರ ಸ್ಟ್ರಾಂಗ್‌ಮ್ಯಾನ್ ಆಗಬಹುದು, ನಿಜ. ಆದರೆ ಹಳೆಯ ಆಟವನ್ನೂ ಹಳೆಯ ಮೈಯನ್ನೂ ಬಿಟ್ಟ ಮೇಲೆ.

ಫುಟ್‌ಬಾಲಿನಲ್ಲೂ ಒಬ್ಬ ಬಲಭೀಮನಿದ್ದ. ಇಂಗ್ಲೆಂಡಿನ ಅಡೆಬಾಯೊ ಅಕಿನ್‌ಫೆನ್ವಾ. ಫಿಫಾ ವಿಡಿಯೋ ಗೇಮ್ ಆಡಿದವರಿಗೆ ಗೊತ್ತಿರುತ್ತದೆ, ಶಕ್ತಿಯ ಅಂಕದಲ್ಲಿ ವರ್ಷಗಟ್ಟಲೆ ಅವನದೇ ಮೇಲುಗೈ. ನೂರು ಕಿಲೋ ದಾಟಿದ ದೇಹ. ಅವನ ತಂಡ ವೈಕೊಂಬ್ ವಾಂಡರರ್ಸ್ 2020ರಲ್ಲಿ ವೆಂಬ್ಲಿಯಲ್ಲಿ ಗೆದ್ದು ಎರಡನೇ ದರ್ಜೆಗೆ ಏರಿದಾಗ ಅವನಿಗೆ 38 ವರ್ಷ. ಅವನ ವೃತ್ತಿಯ ಬಹುಕಾಲ ಕಳೆದದ್ದು ಇಂಗ್ಲೆಂಡಿನ ಮೂರನೇ, ನಾಲ್ಕನೇ ದರ್ಜೆಯಲ್ಲಿ. ಅಲ್ಲಿ ಅವನ ಮೈಯನ್ನು ಹೊಗಳಿದವರಷ್ಟೇ ಹಂಗಿಸಿದವರೂ ಇದ್ದರು. ಅವನನ್ನು ಸ್ಟ್ರಾಂಗ್‌ಮ್ಯಾನ್ ಸಾಲಿನಲ್ಲಿ ನಿಲ್ಲಿಸಿದರೆ? ಆ ಸಾಲಿನಲ್ಲಿ ಅವನೇ ಸಣಕಲ.

ಇಷ್ಟು ದೂರ ಹೋಗುವುದು ಯಾಕೆ, ಕೊಲ್ಹಾಪುರಕ್ಕೇ ಹೋಗೋಣ. ನಮ್ಮ ಜತ್ತದಿಂದ ಮಿರಜ ಹಾದು ಹೋದರೆ ಅರ್ಧ ದಿನದ ದಾರಿ. ಕುಸ್ತಿಯ ಊರು ಎಂದು ಎಲ್ಲರಿಗೂ ಗೊತ್ತು. ಶಾಹೂ ಮಹಾರಾಜರ ಕಾಲದ ಖಾಸಬಾಗ ಮೈದಾನ ಅಲ್ಲಿದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ತಂದ ಖಾಶಾಬಾ ಜಾಧವ ಪಳಗಿದ್ದು ಆ ಊರಲ್ಲಿ. ಆದರೆ ಆ ಊರಿಗೆ ಫುಟ್‌ಬಾಲಿನ ಹುಚ್ಚೂ ಅಷ್ಟೇ ಇದೆ. ಅಲ್ಲಿನ ತಂಡಗಳ ಹೆಸರು ಕೇಳಿ: ಪಾಟಾಕಡೀಲ ತಾಲೀಮ್ ಮಂಡಳ, ದಿಲ್‌ಬಹಾರ್ ತಾಲೀಮ್ ಮಂಡಳ, ಬಾಲಗೋಪಾಲ ತಾಲೀಮ್, ಖಂಡೋಬಾ ತಾಲೀಮ್. ತಾಲೀಮ್ ಅಂದರೆ ಗರಡಿ ಮನೆ. ಕೆಂಪುಮಣ್ಣು, ದಂಡ, ಬಸ್ಕಿ, ಗದೆ. ಪೇಟೆಪೇಟೆಯ ಗರಡಿಯ ಹೆಸರನ್ನೇ ಎದೆಯ ಮೇಲೆ ಹಾಕಿಕೊಂಡು ಹುಡುಗರು ಶಾಹೂ ಸ್ಟೇಡಿಯಮ್ಮಿನಲ್ಲಿ ಚೆಂಡು ಒದೆಯುತ್ತಾರೆ, ಊರಿಗೆ ಊರೇ ನೋಡಲು ಸೇರುತ್ತದೆ.

ಹಾಗಾದರೆ ಪ್ರಪಂಚದಲ್ಲಿ ಎಲ್ಲಾದರೂ ಫುಟ್‌ಬಾಲ್ ಆಟಗಾರ ಗುಂಡುಕಲ್ಲು ಎತ್ತಿ ಗೆಲ್ಲಬೇಕಾದರೆ ಅದು ಕೊಲ್ಹಾಪುರದಲ್ಲೇ ಆಗಬೇಕಲ್ಲ? ಒಂದೇ ಹೆಸರು, ಒಂದೇ ಪೇಟೆ, ಒಂದೇ ಜಂಬ. ಆದರೂ ಕುಸ್ತಿ ಹಿಡಿಯುವ ಮೈ ಒಂದು ಥರ ಬೆಳೆಯಿತು, ಚೆಂಡಿನ ಹಿಂದೆ ಓಡುವ ಮೈ ಇನ್ನೊಂದು ಥರ. 2017ರಲ್ಲಿ ನಮ್ಮ ದೇಶದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತದ ಪರ ಆಡಿದ ಅನಿಕೇತ ಜಾಧವ ಕೊಲ್ಹಾಪುರದವನು. ಅವನು ಹೆಸರು ಮಾಡಿದ್ದು ಓಟದಿಂದ. ನಮ್ಮ ಜಿಲ್ಲೆಯ ಕವಠೆಪಿರಾಣದ ಮಾರುತಿ ಮಾನೆ 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ತಂದದ್ದು ಭಾರಿ ತೂಕದ ಕುಸ್ತಿಯಲ್ಲಿ. ಇವರಿಬ್ಬರಲ್ಲಿ ಯಾರು ಬಲಶಾಲಿ ಎಂದು ಕೇಳುವವರು ಎತ್ತು ಹೆಚ್ಚೋ ಕುದುರೆ ಹೆಚ್ಚೋ ಎಂದೂ ಕೇಳಲಿ. ಒಕ್ಕಲುತನ ಮಾಡುವವರ ಮನೆಯಲ್ಲಿ ಆ ಪ್ರಶ್ನೆಗೆ ನಗುತ್ತಾರೆ.

ಇಲ್ಲಿ ಸ್ವಲ್ಪ ವಿಜ್ಞಾನ. ಬಿ.ಎಸ್ಸಿ. ಮಾಡಿದ್ದು ಎಲ್ಲಾದರೂ ಉಪಯೋಗಕ್ಕೆ ಬರಲಿ. ನೂರು ಕಿಲೋ ಚೀಲವನ್ನು ನೆಲದಿಂದ ಹೆಗಲಿಗೆ, ಅಂದರೆ ಸುಮಾರು 1.4 ಮೀಟರ್ ಎತ್ತರಕ್ಕೆ ಏರಿಸುವುದಕ್ಕೆ ಬೇಕಾದ ಶಕ್ತಿ 100 × 9.8 × 1.4, ಸುಮಾರು 1370 ಜೂಲ್. ಇದು ಕಿಲೋಕ್ಯಾಲರಿಯ ಮೂರನೇ ಒಂದು ಭಾಗ. ದೇಹದ ಯಂತ್ರ ಅರ್ಧಕ್ಕಿಂತ ಹೆಚ್ಚನ್ನು ಬಿಸಿಯಾಗಿ ಕಳೆದುಕೊಳ್ಳುತ್ತದೆ ಎಂದು ಹಿಡಿದರೂ ಒಂದೆರಡು ಕಿಲೋಕ್ಯಾಲರಿ ದಾಟುವುದಿಲ್ಲ. ಒಂದು ಚಮಚ ಸಕ್ಕರೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿದೆ. ಅದೇ 70 ಕಿಲೋ ಹುಡುಗ 10 ಕಿಲೋಮೀಟರ್ ಓಡಿದರೆ ಸುಮಾರು 700 ಕಿಲೋಕ್ಯಾಲರಿ ಖರ್ಚು. ಒಟ್ಟು ಶಕ್ತಿಯನ್ನೇ ತಕ್ಕಡಿಗೆ ಹಾಕಿದರೆ ಫುಟ್‌ಬಾಲ್ ಆಟಗಾರನ ಮುಂದೆ ಚೀಲ ಎತ್ತುವವನು ಲೆಕ್ಕಕ್ಕೇ ಇಲ್ಲ.

ಆದರೆ ಅದೇ ಚೀಲವನ್ನು ಎರಡು ಸೆಕೆಂಡಿನಲ್ಲಿ ಏರಿಸಿದರೆ ಆ ಎರಡು ಸೆಕೆಂಡಿನ ಮಟ್ಟಿಗೆ ಅವನ ದೇಹ ಸುಮಾರು ಒಂದು ಅಶ್ವಶಕ್ತಿಯ ಮೋಟಾರು. ಹೊಲದ ಬೋರಿಗೆ ಕೂಡಿಸುವ ಪಂಪಿನ ಲೆಕ್ಕದಲ್ಲಿ ಯೋಚಿಸಿ. ಒಬ್ಬನದು ದಿನವಿಡೀ ಹರಿಯುವ ಸಣ್ಣ ನೀರು, ಇನ್ನೊಬ್ಬನದು ಒಮ್ಮೆಲೇ ತೆರೆದ ತೂಬು. ಸ್ನಾಯುವಿನೊಳಗೂ ಹೀಗೇ ಎರಡು ಬಗೆಯ ಎಳೆಗಳಿವೆ. ನಿಧಾನಕ್ಕೆ ದಣಿಯುವವು, ಥಟ್ಟನೆ ಸಿಡಿದು ಬೇಗ ದಣಿಯುವವು. ಯಾವುದನ್ನು ದಿನಾ ದುಡಿಸುತ್ತೀರೋ ಅದು ಪಳಗುತ್ತದೆ. ಫುಟ್‌ಬಾಲಿನವನು ಜಿಮ್ಮಿಗೆ ಹೋಗುವುದಿಲ್ಲ ಎಂದಲ್ಲ. ಈಗಿನ ದೊಡ್ಡ ಕ್ಲಬ್ಬುಗಳಲ್ಲಿ ಸ್ಕ್ವಾಟ್, ಡೆಡ್‌ಲಿಫ್ಟ್ ಎಲ್ಲಾ ಮಾಡಿಸುತ್ತಾರೆ. ಆದರೆ ಜಿಗಿಯಲು, ತಿರುಗಲು, ಗಾಯವಾಗದಿರಲು ಎಷ್ಟು ಬೇಕೋ ಅಷ್ಟೇ.

ಈಗ ಸ್ಟ್ರಾಂಗ್‌ಮ್ಯಾನ್ ಸ್ಪರ್ಧೆಯ ಒಂದೊಂದೇ ಸುತ್ತಿಗೆ ಬರೋಣ. ಎಲ್ಲದರಲ್ಲೂ ಒಂದೇ ಸೋಲಲ್ಲ.

ಲಾರಿ ಎಳೆಯುವುದರಲ್ಲಿ ಫುಟ್‌ಬಾಲಿನವನು ಮರ್ಯಾದೆ ಉಳಿಸಿಕೊಳ್ಳುತ್ತಾನೆ ಎಂದು ನನ್ನ ಅಂದಾಜು. ಹೆಗಲಿಗೆ ಪಟ್ಟಿ ಕಟ್ಟಿಕೊಂಡು ಬಗ್ಗಿ ಕಾಲಿನಿಂದ ನೆಲ ಒದ್ದು ಎಳೆಯುವ ಕೆಲಸ ಅದು. ಹಗುರ ಲಾರಿಯಾದರೆ ಅವನ ತೊಡೆ ಸಾಕು. ಭಾರ ಹೊತ್ತು ನಡೆಯುವ ಸುತ್ತುಗಳಲ್ಲೂ ಕಾಲು ಕೈಕೊಡುವುದಿಲ್ಲ. ಕೈಕೊಡುವುದು ಕೈಯೇ. ಎರಡು ಕೈಯಲ್ಲಿ ಎರಡು ಭಾರ ತೂಗಿಸಿಕೊಂಡು ನಡೆಯುವ ಸುತ್ತಿಗೆ ಅವರು ಇಟ್ಟ ಹೆಸರು 'ಫಾರ್ಮರ್ಸ್ ವಾಕ್', ರೈತನ ನಡಿಗೆ. ಬೇಸಿಗೆಯಲ್ಲಿ ಟ್ಯಾಂಕರ್ ಬಂದಾಗ ನಮ್ಮ ಅಕ್ಕತಂಗಿಯರು ಎರಡು ಕೈಯಲ್ಲಿ ಎರಡು ಕೊಡ ಹಿಡಿದು ಓಡುತ್ತಾರಲ್ಲ, ಅದೇ. ಮೊದಲು ಬಿಟ್ಟುಕೊಡುವುದು ಬೆರಳು. ಚೆಂಡಿಗೆ ಕೈ ತಾಗಿಸಿದರೆ ಶಿಳ್ಳೆ ಹೊಡೆಸಿಕೊಳ್ಳುವ ಆಟದಲ್ಲಿ ಬೆಳೆದವನ ಬೆರಳಿಗೆ ಅಷ್ಟು ಹಿಡಿತ ಎಲ್ಲಿಂದ ಬರಬೇಕು? ಗೋಲ್‌ಕೀಪರ್‌ಗೆ ಸ್ವಲ್ಪ ಪುಣ್ಯ. ಅಷ್ಟೆ.

ತಲೆಯ ಮೇಲೆ ದಿಮ್ಮಿ ಎತ್ತುವ ಸುತ್ತನ್ನು ಬಿಟ್ಟುಬಿಡೋಣ. ಅಲ್ಲಿ ಅವನ ಆಟ ಮುಗಿಯಿತು.

ಕಲ್ಲಿನ ಸುತ್ತು ನನಗೆ ಎಲ್ಲಕ್ಕಿಂತ ಇಷ್ಟ. ಅವರ ಅಟ್ಲಾಸ್ ಕಲ್ಲು ನಮ್ಮ ಗುಂಡುಕಲ್ಲಿನ ತಮ್ಮ. ಐದು ದುಂಡು ಕಲ್ಲು, ನೂರು ಕಿಲೋ ಆಸುಪಾಸಿನಿಂದ ಶುರುವಾಗಿ ಒಂದಕ್ಕಿಂತ ಒಂದು ಭಾರ. ಒಂದೊಂದನ್ನೂ ಎತ್ತಿ ಕಟ್ಟೆಯ ಮೇಲಿಡಬೇಕು. ಹಿಡಿಕೆ ಇಲ್ಲ, ಅಂಚಿಲ್ಲ. ತೋಳಿನಿಂದ ತಬ್ಬಿ, ತೊಡೆಯ ಮೇಲೆ ಕೂಡಿಸಿಕೊಂಡು, ಅಲ್ಲಿಂದ ಎದೆಗೆ ಉರುಳಿಸಿ ಏಳಬೇಕು. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಮಣಕ್ಕೆ ನಡೆಯುವ ಭಾರ ಎತ್ತುವ ಸ್ಪರ್ಧೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗುಂಡುಕಲ್ಲು, ಸಂಗ್ರಾಣಿ ಕಲ್ಲು, ತುಂಬಿದ ಚೀಲ, ಇವುಗಳಿಗೆ ನಮ್ಮ ಕಡೆ ಟಿವಿ ಬರುವ ಮೊದಲೇ ಪ್ರೇಕ್ಷಕರಿದ್ದರು.

ಐಸ್‌ಲ್ಯಾಂಡಿನಲ್ಲೂ ಇಂಥದೇ ಒಂದು ಹಳೆಯ ಕಲ್ಲಿದೆ. ಅದನ್ನು ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಅದು ಒಬ್ಬ ಪಾದ್ರಿಯವರ ಕಲ್ಲು. ಹೂಸಾಫೆಲ್ ಎಂಬ ಊರಲ್ಲಿ ಹದಿನೆಂಟನೇ ಶತಮಾನದಲ್ಲಿ ಸ್ನೋರಿ ಬ್ಯೋರ್ನ್ಸನ್ ಎಂಬ ಪಾದ್ರಿಯವರಿದ್ದರು. ಅವರು ಕಟ್ಟಿದ ಕುರಿದೊಡ್ಡಿಯ ಬಾಗಿಲಿಗೆ ಅಡ್ಡ ಇಡುತ್ತಿದ್ದ ಚಪ್ಪಟೆ ಕಲ್ಲು ಅದು, ತೂಕ 186 ಕೆ.ಜಿ. ನೆಲದಿಂದ ಬಿಡಿಸಿದರೆ ಸೋಮಾರಿ, ಸೊಂಟದವರೆಗೆ ತಂದರೆ ಅರೆಬಲದವ, ಎದೆಗಪ್ಪಿಕೊಂಡು ದೊಡ್ಡಿಯನ್ನು ಒಂದು ಸುತ್ತು ಹಾಕಿದರೆ ಪೂರ್ಣಬಲದವ. ಹೀಗೆ ಮೂರು ದರ್ಜೆ. 186 ಕಿಲೋ ನೆಲದಿಂದ ಬಿಡಿಸಿದವನಿಗೂ ಸೋಮಾರಿ ಎಂಬ ಬಿರುದು! ಸ್ಟ್ರಾಂಗ್‌ಮ್ಯಾನ್ ಸ್ಪರ್ಧೆಯಲ್ಲಿ ಈಗ ಹೊರಿಸುವ ಹೂಸಾಫೆಲ್ ಕಲ್ಲು ಇದರದೇ ನಕಲು. ಆ ಕಲ್ಲಿಗೆ ಮೊದಲು ಒಂದು ಕೆಲಸವಿತ್ತು ಎಂಬುದು ನನಗೆ ಮುಖ್ಯ. ಕುರಿ ಹೊರಗೆ ಹೋಗದಂತೆ ತಡೆಯುವ ಕೆಲಸ. ಪಂದ್ಯ ಆಮೇಲೆ ಬಂತು.

ನಮ್ಮ ತಾಲೂಕಿನಲ್ಲೂ ನಿಜವಾದ ಸ್ಟ್ರಾಂಗ್‌ಮ್ಯಾನ್‌ಗಳು ಪಂದ್ಯದಲ್ಲಿಲ್ಲ, ಕೆಲಸದಲ್ಲಿದ್ದಾರೆ. ಮಳೆ ಕೈಕೊಟ್ಟ ವರ್ಷ ಜತ್ತದ ಹಳ್ಳಿಗಳಿಂದ ಎಷ್ಟು ಕುಟುಂಬ ಕಬ್ಬು ಕಡಿಯಲು ಹೋಗುತ್ತವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ದೀಪಾವಳಿಯ ಹೊತ್ತಿಗೆ ನಮ್ಮ ಬೆಂಚುಗಳೇ ಖಾಲಿಯಾಗುತ್ತವೆ, ಕ್ರಿಸ್ಮಸ್ಸಿಗೂ ಕೆಲವರು ಬರಲಾಗುವುದಿಲ್ಲ. ಗಂಡ ಹೆಂಡತಿಯ ಜೋಡಿಗೆ ಅಲ್ಲಿ ಒಂದು 'ಕೊಯ್ತಾ' ಎಂದು ಲೆಕ್ಕ, ಕೈಯಲ್ಲಿರುವ ಕುಡುಗೋಲಿನ ಹೆಸರೇ ಮನುಷ್ಯರಿಗೂ. ಕಡಿದ ಕಬ್ಬನ್ನು ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಲಾರಿಗೆ ಒರಗಿಸಿದ ಕಿರಿದಾದ ಹಲಗೆ ಏರಿ ಮೇಲೆ ಒಟ್ಟಬೇಕು. ಹಲಗೆ ಬಾಗುತ್ತದೆ, ಕಬ್ಬು ತೂಗುತ್ತದೆ, ಕೆಳಗೆ ಹಿಡಿಯಲು ಯಾರೂ ಇರುವುದಿಲ್ಲ. ಒಂದಲ್ಲ ಎರಡಲ್ಲ, ಲಾರಿ ತುಂಬುವವರೆಗೆ. ಯಾವ ಸ್ಟ್ರಾಂಗ್‌ಮ್ಯಾನ್ ಸ್ಪರ್ಧೆಯಲ್ಲೂ ಇಂಥ ಸುತ್ತು ಇಲ್ಲ.

ನಮ್ಮ ಒಬ್ಬ ಕಾಕಾ ಅವರನ್ನು ಕ್ರೀಡಾಕೂಟಕ್ಕೆ ತೀರ್ಪುಗಾರರಾಗಿ ಬನ್ನಿ ಎಂದು ಕರೆಯಲು ಹೋಗಿದ್ದೆ. "ಕಾಕಾ, ನೀವು ಮೊದಲ ಯಾವ ಆಟ ಆಡತಿದ್ರಿ?" ಎಂದೆ. "ಆಟ ಎಲ್ಲೀದು ತಮ್ಮಾ? ಹತ್ತು ವರ್ಷ ಆತು ಕಬ್ಬ ಏರಸಾಕ ಹತ್ತೇನಿ. ರಾತ್ರಿ ಬೆನ್ನ ನೆಲಕ್ಕ ಹತ್ತಂಗಿಲ್ಲ" ಎಂದರು. ಪಕ್ಕದಲ್ಲಿ ಕಾಕಿ ಸುಮ್ಮನೆ ಕೂತಿದ್ದರು. ಅವರೂ ಅಷ್ಟೇ ಹೊರೆ ಹೊತ್ತವರು. ಅವರನ್ನು ಯಾವ ಆಟ ಎಂದು ಕೇಳುವವರೇ ಇಲ್ಲ.

ಅವರನ್ನು ಹೊಗಳಲು ಸುಳ್ಳು ಹೇಳುವುದು ಬೇಡ. ಕಾಕಾ ಅವರನ್ನು ಅಟ್ಲಾಸ್ ಕಲ್ಲಿನ ಮುಂದೆ ನಿಲ್ಲಿಸಿದರೆ ಅವರೂ ಸೋಲುತ್ತಾರೆ. ದಿನಕ್ಕೆ ನೂರು ಸಲ ಹೊರುವ ಮೈ ಬೇರೆ, ವರ್ಷಕ್ಕೊಮ್ಮೆ ಅತಿ ಭಾರ ಎತ್ತುವ ಮೈ ಬೇರೆ. ಸ್ಟ್ರಾಂಗ್‌ಮ್ಯಾನ್ ವಾರಕ್ಕೆ ಕೆಲವೇ ದಿನ ಭಾರ ಎತ್ತುತ್ತಾನೆ, ಉಳಿದ ದಿನ ತಿನ್ನುತ್ತಾನೆ, ಮಲಗುತ್ತಾನೆ. ಅವನ ಸೊಂಟಕ್ಕೆ ಬೆಲ್ಟಿದೆ, ಗಾಯವಾದರೆ ನೋಡಲು ವೈದ್ಯರಿದ್ದಾರೆ. ಕಾಕಾಗೆ ಇರುವುದು ತಲೆಯ ಮೇಲಿನ ಸಿಂಬಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಂದು ಶಿಫಾರಸು ಮಾಡಿತ್ತು: ಗಂಡಾಳು ಒಬ್ಬನೇ ಹೊರುವ ಭಾರ 55 ಕೆ.ಜಿ. ಮೀರುತ್ತಿದ್ದರೆ ಅದನ್ನು ಆದಷ್ಟು ಬೇಗ ಇಳಿಸಬೇಕು. ನಮ್ಮ ಮಹಾರಾಷ್ಟ್ರದಲ್ಲಿ ಹಮಾಲರಿಗಾಗಿ 1969ರಲ್ಲಿ ಮಾಥಾಡಿ ಕಾಯ್ದೆಯೇ ಬಂತು. ಮಾಥಾಡಿ ಅಂದರೆ ತಲೆಯ ಮೇಲೆ ಹೊರುವವ. ಹೊರುವವರ ಬೆನ್ನು ಉಳಿಯಬೇಕು ಎಂದು ಅಷ್ಟೆಲ್ಲಾ ಜನ ಹೋರಾಡಿ ಕ್ವಿಂಟಲ್ ಚೀಲವನ್ನು ಐವತ್ತು ಕಿಲೋಗೆ ಇಳಿಸುತ್ತಿರುವಾಗ ನಾವು ಹದಿನಾರರ ಹುಡುಗನಿಗೆ ನೂರು ಕಿಲೋ ಹೊರಿಸಿ 'ಗಂಡಸ್ತನ' ಪರೀಕ್ಷೆ ಮಾಡುವುದೇ?

ಬೆನ್ನಿನ ಲೆಕ್ಕವನ್ನೂ ಹೇಳುತ್ತೇನೆ, ಯಾಕೆಂದರೆ ಗುಂಪಿನಲ್ಲಿ ಒಬ್ಬರು "ಏನಾಗತೈತಿ, ಎರಡ ಸೆಕೆಂಡಿನ ಕೆಲಸ" ಎಂದು ಬರೆದಿದ್ದಾರೆ. ನೂರು ಕಿಲೋ ಚೀಲವನ್ನು ದೇಹದಿಂದ 40 ಸೆಂಟಿಮೀಟರ್ ದೂರದಲ್ಲಿ ಹಿಡಿದು ಬಗ್ಗಿ ಎತ್ತಿದರೆ, ಅದನ್ನು ತಡೆಯುವ ಬೆನ್ನಿನ ಸ್ನಾಯು ಬೆನ್ನುಮೂಳೆಯ ಕೀಲಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿದೆ. ಸನ್ನೆಗೋಲಿನ ನಿಯಮ ಎಂಟನೇ ತರಗತಿಯವರಿಗೂ ಗೊತ್ತು. ಎಂಟು ಪಟ್ಟು. ಅಂದರೆ ಆ ಸ್ನಾಯು 800 ಕಿಲೋ ಭಾರಕ್ಕೆ ಸಮನಾಗಿ ಎಳೆಯಬೇಕು, ಬೆನ್ನಿನ ಕೆಳಗಿನ ಮಣಿಗಳ ನಡುವಿನ ಮೆತ್ತೆ ಅದನ್ನು ತಾಳಬೇಕು. ಚೀಲವನ್ನು ಹೊಟ್ಟೆಗೆ ಅಪ್ಪಿ 20 ಸೆಂಟಿಮೀಟರಿಗೆ ತಂದರೆ ಅದು ಅರ್ಧಕ್ಕೆ ಇಳಿಯುತ್ತದೆ. ಪಳಗಿದ ಹಮಾಲ ಹೀಗೇ ಎತ್ತುತ್ತಾನೆ, ಯಾರೂ ಪುಸ್ತಕದಿಂದ ಹೇಳಿಕೊಟ್ಟದ್ದಲ್ಲ. ಫುಟ್‌ಬಾಲ್ ಹುಡುಗ ಮೊದಲ ಸಲ ಎತ್ತುವಾಗ ಕೈ ಚಾಚಿ ಬೆನ್ನು ಬಗ್ಗಿಸಿಯೇ ಎತ್ತುತ್ತಾನೆ, ಅದೂ ಎಲ್ಲರೂ ಮೊಬೈಲ್ ಹಿಡಿದು ಕೂಗುತ್ತಿರುವಾಗ.

ಪಳಗಿದವರಿಗೂ ಏನಾಗುತ್ತದೆ ನೋಡಿ. 1977ರ ಅದೇ ಮೊದಲ ಸ್ಟ್ರಾಂಗ್‌ಮ್ಯಾನ್ ಸ್ಪರ್ಧೆಯಲ್ಲಿ ಬೆನ್ನಿಗೆ ಫ್ರಿಜ್ ಕಟ್ಟಿಕೊಂಡು ಓಡುವ ಒಂದು ಸುತ್ತಿತ್ತು. ಹಿಂದಿನ ವರ್ಷವಷ್ಟೇ ಮಿಸ್ಟರ್ ಒಲಿಂಪಿಯಾ ಆಗಿದ್ದ ಫ್ರಾಂಕೊ ಕೊಲಂಬು ಓಡುತ್ತಿದ್ದಾಗ ಅವನ ಕಾಲು ಮಡಿಚಿ ಮೊಣಕಾಲು ಕೆಟ್ಟಿತು. ಕನ್ನಡಿ ಮುಂದೆ ಜಗತ್ತಿನಲ್ಲೇ ಸುಂದರ ಎನಿಸಿಕೊಂಡ ಮೈ ಅದು. ಜಿಮ್ಮಿನ ತಮ್ಮಂದಿರು ಇದನ್ನು ಎರಡು ಸಲ ಓದಿ. ಕಾಣುವ ಸ್ನಾಯು ಬೇರೆ, ಹೊರುವ ಸ್ನಾಯು ಬೇರೆ. ಮೈ ಬೇಗ ಉಬ್ಬಲಿ ಎಂದು ಯಾರೋ ಕೊಡುವ ಇಂಜೆಕ್ಷನ್ನಿಗೆ ತೋಳು ಒಡ್ಡುವುದಂತೂ ಬೇಡವೇ ಬೇಡ, ಆ ಮಾತು ಇನ್ನೊಂದು ದಿನ ಬರೆಯುತ್ತೇನೆ.

ನಮ್ಮದೇ ಜಿಲ್ಲೆಯ ಸಂಕೇತ ಸರಗರ ನೆನಪಿದೆಯೇ? ಸಾಂಗಲಿಯಲ್ಲಿ ತಂದೆಯ ಪಾನ್ ಅಂಗಡಿ, ಚಹಾದ ಗಾಡಿ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ 55 ಕೆ.ಜಿ. ವಿಭಾಗದಲ್ಲಿ ಭಾರತಕ್ಕೆ ಮೊದಲ ಪದಕ ತಂದವನು ಅವನೇ. ಸ್ನ್ಯಾಚ್‌ನಲ್ಲಿ 113, ಕ್ಲೀನ್ ಅಂಡ್ ಜರ್ಕ್‌ನಲ್ಲಿ 135, ಒಟ್ಟು 248. ತನ್ನ ತೂಕದ ಎರಡೂವರೆ ಪಟ್ಟಿಗೆ ಹತ್ತಿರದ ಭಾರವನ್ನು ತಲೆಯ ಮೇಲೆ ನಿಲ್ಲಿಸಿದ ಹುಡುಗ. ಚಿನ್ನಕ್ಕಾಗಿ 139ಕ್ಕೆ ಕೈ ಹಾಕಿದಾಗ ಮೊಣಕೈ ಕೈಕೊಟ್ಟಿತು. ಮಲೇಷ್ಯಾದವನು 249 ಎತ್ತಿ ಚಿನ್ನ ಗೆದ್ದ. ಒಂದೇ ಕಿಲೋ. ಅದೇ ದಿನ 61 ಕೆ.ಜಿ. ವಿಭಾಗದಲ್ಲಿ ಕುಂದಾಪುರದ ಗುರುರಾಜ ಪೂಜಾರಿ 269 ಎತ್ತಿ ಕಂಚು ತಂದರು. ಗಡಿಯ ಆಚೆ ಈಚೆ, ಎರಡೂ ನಮ್ಮವೇ.

ಸಂಕೇತನನ್ನು ಸ್ಟ್ರಾಂಗ್‌ಮ್ಯಾನ್ ಕಣಕ್ಕೆ ಬಿಟ್ಟರೆ ಬ್ರಯಾನ್ ಶಾನ ಮುಂದೆ ಅವನೂ ಕೊನೆಯವನೇ. ಆದರೆ ತೂಕಕ್ಕೆ ತೂಕ ಹಿಡಿದು ನೋಡಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಾರ್ಜಿಯಾದ ಲಾಶಾ ತಲಖಾದ್ಜೆ 265 ಕೆ.ಜಿ. ತಲೆಯ ಮೇಲೆತ್ತಿದ. ಅವನ ದೇಹದ ತೂಕವೇ 170 ದಾಟಿತ್ತು. ಒಂದೂವರೆ ಪಟ್ಟು ಚಿಲ್ಲರೆ. ಸಣ್ಣ ಮೈಯವನು ತನ್ನ ಪಾಲಿಗೆ ಹೆಚ್ಚು ಎತ್ತುತ್ತಾನೆ. ಕಾರಣವೂ ಸರಳ. ಸ್ನಾಯುವಿನ ಬಲ ಅದರ ದಪ್ಪಕ್ಕೆ, ಅಂದರೆ ಅಡ್ಡ ಕೊಯ್ತದ ವಿಸ್ತೀರ್ಣಕ್ಕೆ ತಕ್ಕಂತೆ ಹೆಚ್ಚುತ್ತದೆ. ತೂಕ ಘನಗಾತ್ರಕ್ಕೆ ತಕ್ಕಂತೆ ಹೆಚ್ಚುತ್ತದೆ. ಮೈ ಬೆಳೆದಷ್ಟೂ ತೂಕವೇ ಮುಂದೆ ಓಡುತ್ತದೆ. ಇರುವೆ ತನಗಿಂತ ಭಾರದ ಕಾಳು ಹೊರುವುದೂ ಆನೆ ಇನ್ನೊಂದು ಆನೆ ಹೊರದಿರುವುದೂ ಇದರಿಂದಲೇ. ಅದಕ್ಕೇ ಕುಸ್ತಿ, ವೇಟ್‌ಲಿಫ್ಟಿಂಗ್‌ನಲ್ಲಿ ತೂಕದ ವಿಭಾಗಗಳಿವೆ. ಒಂದೇ ಕ್ವಿಂಟಲ್ ಚೀಲವನ್ನು 50 ಕಿಲೋ ಹುಡುಗನ ಮುಂದೆಯೂ 85 ಕಿಲೋ ಹುಡುಗನ ಮುಂದೆಯೂ ಇಟ್ಟು ಯಾರು ಬಲಶಾಲಿ ಎನ್ನುವುದು ತಕ್ಕಡಿಯಲ್ಲಿ ಕೈ ಒತ್ತಿದ ಹಾಗೆ.

ಹಾಗಾಗಿ ನನ್ನ ಮಾತು ಇಷ್ಟು. ಫುಟ್‌ಬಾಲ್ ತಂಡದ ಆಯ್ಕೆ ಫುಟ್‌ಬಾಲಿನಿಂದಲೇ ಆಗಲಿ, ಚೀಲಕ್ಕೂ ಅದಕ್ಕೂ ಸಂಬಂಧ ಬೇಡ. ಆದರೆ ಭಾರದ ಸ್ಪರ್ಧೆ ಬೇಡ ಎನ್ನುತ್ತಿಲ್ಲ, ಬೇಕು ಎನ್ನುತ್ತೇನೆ. ನಮ್ಮ ಕ್ರೀಡಾಕೂಟದಲ್ಲಿ ಇಲ್ಲಿಯವರೆಗೆ ಓಟ, ಫುಟ್‌ಬಾಲ್, ಲಿಂಬು ಚಮಚ, ಕುರ್ಚಿ ಆಟ. ಶಾಲೆಗೆ ಹೋಗುವ, ಸಂಜೆ ಆಡಲು ಬಿಡುವಿರುವ ಮಕ್ಕಳೇ ಗೆಲ್ಲುವ ಆಟಗಳು. ದಾಳಿಂಬೆ ತೋಟದಲ್ಲಿ ಕ್ರೇಟು ಹೊರುವ, ಅಂಗಡಿಯಲ್ಲಿ ಸಿಮೆಂಟ್ ಇಳಿಸುವ ನಮ್ಮ ಹುಡುಗರು ಬೇಲಿಯ ಹತ್ತಿರ ನಿಂತು ನೋಡಿ ಹೋಗುತ್ತಾರೆ. ಅವರಿಗೂ ಹೆಸರು ಕೂಗಿಸಿಕೊಳ್ಳುವ ಒಂದು ಆಟ ಬೇಡವೇ?

ಹೀಗೆ ಮಾಡಬಹುದು. ಎತ್ತುವ ಪಂದ್ಯವಲ್ಲ, ಹೊತ್ತು ನಡೆಯುವ ಪಂದ್ಯ. ಮರಳು ತುಂಬಿದ ಚೀಲ, 20, 30, 40 ಕಿಲೋ, ಅದಕ್ಕಿಂತ ಮೇಲೆ ಇಲ್ಲ. ಚೀಲವನ್ನು ಇಬ್ಬರು ಹೆಗಲಿಗೆ ಏರಿಸಿಕೊಡಲಿ, ಬೆನ್ನು ಉಳಿಯುತ್ತದೆ. ನಡೆದ ಮೀಟರನ್ನು ಹೊತ್ತ ಕಿಲೋದಿಂದ ಗುಣಿಸಿ, ಬಂದದ್ದನ್ನು ನಡೆದವನ ದೇಹದ ತೂಕದಿಂದ ಭಾಗಿಸಿ. 50 ಕಿಲೋ ಹುಡುಗ 30 ಕಿಲೋ ಹೊತ್ತು 100 ಮೀಟರ್ ನಡೆದರೆ 60 ಅಂಕ. 80 ಕಿಲೋ ಅಣ್ಣ ಅದೇ ಅಂಕ ಪಡೆಯಲು 40 ಕಿಲೋ ಹೊತ್ತು 120 ಮೀಟರ್ ನಡೆಯಬೇಕು. ಹೆಣ್ಣುಮಕ್ಕಳಿಗೆ ಅದೇ ಸೂತ್ರ, ಬೇಕಾದರೆ ಚೀಲದ ಬದಲು ಕೊಡ. ನನ್ನ ಅನುಮಾನ ಅಲ್ಲಿ ದಾಖಲೆ ಬೀಳುವುದು ಅವರದೇ. 18 ವರ್ಷದೊಳಗಿನವರಿಗೆ 20 ಕಿಲೋ ಮೇಲೆ ಬೇಡ, ಈ ಒಂದು ವಿಷಯದಲ್ಲಿ ಚರ್ಚೆಯೂ ಬೇಡ. ಫುಟ್‌ಬಾಲ್ ಹುಡುಗರೂ ಭಾಗವಹಿಸಲಿ. ನಡಿಗೆ ಉದ್ದವಾದಷ್ಟೂ ಅವರ ಕಾಲು, ಅವರ ಉಸಿರು ಲೆಕ್ಕಕ್ಕೆ ಬರುತ್ತದೆ. ನಾನು ಮೊದಲು ಹೇಳಿದಷ್ಟು ಹೀನಾಯವಾಗಿ ಇಲ್ಲಿ ಅವರು ಸೋಲುವುದಿಲ್ಲ.

ತೀರ್ಪುಗಾರರು ಸಿಕ್ಕಿದ್ದಾರೆ. ಕಾಕಾ ಒಪ್ಪಿದ್ದಾರೆ, ಕಬ್ಬಿನ ಹಂಗಾಮು ಶುರುವಾಗುವ ಮೊದಲು ದಿನ ಇಟ್ಟರೆ ಮಾತ್ರ. ಕಾಕಿಯವರನ್ನೂ ಕೇಳಿದ್ದೇನೆ, ನಕ್ಕರು, ಇಲ್ಲ ಎನ್ನಲಿಲ್ಲ. ಆದ್ದರಿಂದ ಕ್ರೀಡಾಕೂಟವನ್ನು ಡಿಸೆಂಬರಿನಿಂದ ಹಿಂದಕ್ಕೆ, ದಸರೆಯ ರಜೆಗೆ ತರಬೇಕು ಎಂದು ಸಮಿತಿಗೆ ಈ ಬರಹದ ಮೂಲಕವೇ ಅರ್ಜಿ ಹಾಕುತ್ತಿದ್ದೇನೆ.

ಇನ್ನೊಂದು ಕೆಲಸ ಉಳಿದಿದೆ. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಗುಡಿಯ ಮುಂದೆಯೋ ಹಳೆಯ ಗರಡಿಯ ಹಿಂದೆಯೋ ಒಂದೊಂದು ಗುಂಡುಕಲ್ಲು ಬಿದ್ದಿರುತ್ತದೆ. ನಮ್ಮ ಅಜ್ಜ ಎತ್ತಿದ್ದ, ಅವರ ಮುತ್ತಜ್ಜ ಎತ್ತಿದ್ದ ಎಂದು ಎಲ್ಲರೂ ಹೇಳುತ್ತಾರೆ. ಅದರ ತೂಕ ಕೇಳಿದರೆ ಒಬ್ಬರು ಒಂದು ಕ್ವಿಂಟಲ್ ಎನ್ನುತ್ತಾರೆ, ಇನ್ನೊಬ್ಬರು ಮೂರು. ಊರಿನವರ ಒಪ್ಪಿಗೆ ಕೇಳಿಕೊಂಡು ಅವನ್ನು ತೂಗಿ ಬರೆದಿಡೋಣ, ಎತ್ತುವುದು ಬೇಡ. ಕಾಳಿನ ವ್ಯಾಪಾರಿ ಒಬ್ಬರು ತಕ್ಕಡಿ ಕೊಡುತ್ತೇನೆ ಎಂದಿದ್ದಾರೆ. ಕಲ್ಲನ್ನು ತಕ್ಕಡಿಯ ಮೇಲೆ ಉರುಳಿಸಲು ನಾಲ್ಕು ಜನ ಬೇಕು. ಜಿಮ್ಮಿನವರು ಇಬ್ಬರು, ಫುಟ್‌ಬಾಲಿನವರು ಇಬ್ಬರು ಹೆಸರು ಕೊಡಿ.